ದಾನವೆ, ಋಣವೆ?

ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬುದು ಲೋಕರೂಢಿಯ ತಿಳಿವಳಿಕೆ. ದಾನ ಮಾಡುವ ಕೈ ಮೇಲಿರುತ್ತದೆ, ಬೇಡುವ ಕೈ ಕೆಳಗಿರುತ್ತದೆ. ಸಾಲ ತೀರಿಸುವಾಗ ಮಾತ್ರ ಈ ಕ್ರಮ ತಿರುವುಮುರುವಾಗಿ, ಕೊಡುವವನೇ ತಗ್ಗಿ ನಡೆಯಬೇಕಾಗುತ್ತದೆ. ಹೊರನೋಟಕ್ಕೆ ಎರಡೂ ಒಂದೇ ಕ್ರಿಯೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಂದು ವಸ್ತು ಹೋಗುತ್ತದೆ. ಆದರೆ ಅದನ್ನು ದಾನವೆಂದು ಎಣಿಸುತ್ತೇವೆಯೋ ಋಣವೆಂದು ಎಣಿಸುತ್ತೇವೆಯೋ ಎಂಬುದರ ಮೇಲೆ, ಏನನ್ನು ಕೊಡಬೇಕು, ಎಷ್ಟು ಕಾಲ ಕೊಡಬೇಕು, ಕೊಟ್ಟ ಬಳಿಕ ಹೇಗಿರಬೇಕು ಎಂಬುದೆಲ್ಲವೂ ನಿಂತಿದೆ. ಶ್ರೀಮಂತ ದೇಶಗಳು ಬಡ ದೇಶಗಳ ಮಕ್ಕಳಿಗೆ ಮಾಡುವ ಸಹಾಯವನ್ನು ಇವೆರಡರಲ್ಲಿ ಯಾವ ಹೆಸರಿನಿಂದ ಕರೆಯತಕ್ಕದ್ದು? ಬರಿಯ ತರ್ಕದಿಂದ ಇದು ಬಗೆಹರಿಯುವ ಪ್ರಶ್ನೆಯಲ್ಲ. ಆದುದರಿಂದ ಒಂದು ಮಕ್ಕಳ ಆಸ್ಪತ್ರೆಯ ಕಾರ್ಯವನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಅಮೇರಿಕದ ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ ಎಂಬುದೊಂದಿದೆ. ಅದನ್ನು ಕಟ್ಟಿಸಿದವನು ಡ್ಯಾನಿ ಥಾಮಸ್ ಎಂಬ ಹಾಸ್ಯನಟ. ಲೆಬನಾನಿನಿಂದ ವಲಸೆ ಬಂದ ಬಡ ದಂಪತಿಗಳ ಮಗ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಡೆಟ್ರಾಯಿಟ್ ನಗರದ ಚರ್ಚೊಂದರಲ್ಲಿ ನಿಂತು, ದಿಕ್ಕಿಲ್ಲದವರ ಸಂತನೆಂದು ಕ್ರೈಸ್ತರು ನಂಬುವ ಜೂಡನಿಗೆ ಆತ ಹರಕೆ ಹೊತ್ತನು. ಹೆಸರು ಹಣ ಎರಡೂ ಬಂದ ಮೇಲೆ ಹರಕೆಯನ್ನು ಮರೆಯಲಿಲ್ಲ. 1957ರಲ್ಲಿ ತನ್ನಂತೆಯೇ ಅರಬ್ ಮೂಲದ ಅಮೇರಿಕನ್ನರನ್ನು ಕೂಡಿಸಿ ವಂತಿಗೆ ಎತ್ತುವ ಸಂಸ್ಥೆಯೊಂದನ್ನು ಕಟ್ಟಿದನು. 1962ರ ಫೆಬ್ರವರಿ 4ರಂದು ಆಸ್ಪತ್ರೆ ಬಾಗಿಲು ತೆರೆಯಿತು. ಕರಿಯರಿಗೂ ಬಿಳಿಯರಿಗೂ ಪ್ರತ್ಯೇಕ ಬಾಗಿಲುಗಳಿದ್ದ ನಾಡಿನಲ್ಲಿ ಈ ಆಸ್ಪತ್ರೆ ಮೊದಲ ದಿನದಿಂದಲೂ ಎಲ್ಲ ಬಣ್ಣದ ಮಕ್ಕಳನ್ನೂ ಒಂದೇ ಅಂಕಣದಲ್ಲಿ ಮಲಗಿಸಿತು. ಅಲ್ಲಿಗೆ ಬಂದ ಮಗುವಿನ ತಾಯಿತಂದೆಗಳಿಗೆ ಇಂದಿಗೂ ಬಿಲ್ಲು ಕೊಡುವುದಿಲ್ಲ. ಬಹುಪಾಲು ಖರ್ಚು ಸಾರ್ವಜನಿಕರ ಸಣ್ಣ ಸಣ್ಣ ವಂತಿಗೆಗಳಿಂದ ನಡೆಯುತ್ತದೆ.

ಆಸ್ಪತ್ರೆ ಹಿಡಿದ ಮುಖ್ಯ ರೋಗ ಮಕ್ಕಳ ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ. ಅಸ್ಥಿಮಜ್ಜೆಯಲ್ಲಿ ಅಪಕ್ವವಾದ ಬಿಳಿ ಕಣಗಳು ಎಲ್ಲೆಯಿಲ್ಲದೆ ಬೆಳೆದು ಒಳ್ಳೆಯ ರಕ್ತಕ್ಕೆ ಎಡೆಯಿಲ್ಲದಂತೆ ಮಾಡುವ ವ್ಯಾಧಿ ಇದು. ಮಗು ಬಿಳಿಚಿಕೊಳ್ಳುತ್ತದೆ, ಮೈಮೇಲೆ ಕೆಂಪು ಚುಕ್ಕೆಗಳು ಏಳುತ್ತವೆ, ಜ್ವರ ಬಿಡುವುದಿಲ್ಲ. 1962ರಲ್ಲಿ ಇದರ ಅತ್ಯಂತ ಸಾಮಾನ್ಯವಾದ ಬಗೆ ತಗುಲಿದ ನೂರು ಮಕ್ಕಳಲ್ಲಿ ಬದುಕುತ್ತಿದ್ದವರು ಸುಮಾರು ನಾಲ್ವರು. ಆಸ್ಪತ್ರೆಯ ಮೊದಲ ನಿರ್ದೇಶಕರಾದ ಡಾಕ್ಟರ್ ಡೊನಾಲ್ಡ್ ಪಿಂಕೆಲ್ ಅವರು ಒಂದೊಂದಾಗಿ ಕೊಡುತ್ತಿದ್ದ ಔಷಧಿಗಳನ್ನು ಒಟ್ಟುಗೂಡಿಸಿ, ಮಿದುಳಿನ ಸುತ್ತ ಅಡಗುವ ರೋಗಕಣಗಳನ್ನೂ ಬಿಡದೆ, ಎರಡು ಮೂರು ವರ್ಷಗಳವರೆಗೆ ಚಿಕಿತ್ಸೆಯನ್ನು ಮುಂದುವರಿಸುವ ಕ್ರಮವನ್ನು ಹಾಕಿದರು. ಹತ್ತು ವರ್ಷಗಳೊಳಗೆ ಅರ್ಧದಷ್ಟು ಮಕ್ಕಳು ಉಳಿಯುವಂತಾಯಿತು. ಇಂದು ಅಲ್ಲಿ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕಿ ಉಳಿಯುತ್ತಾರೆ. ಈ ಚಿಕಿತ್ಸಾಕ್ರಮವನ್ನು ಆಸ್ಪತ್ರೆ ಮುಚ್ಚಿಟ್ಟುಕೊಳ್ಳಲಿಲ್ಲ. ಕೇಳಿದ ವೈದ್ಯರಿಗೆಲ್ಲ ಕೊಟ್ಟಿತು.

ಆದರೂ ಜಗತ್ತಿನ ಲೆಕ್ಕ ಬೇರೆಯೇ ಆಗಿದ್ದಿತು, ಈಗಲೂ ಆಗಿದೆ. ವರ್ಷಂಪ್ರತಿ ಸುಮಾರು 4 ಲಕ್ಷ ಮಕ್ಕಳಿಗೂ ಹದಿಹರೆಯದವರಿಗೂ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಶ್ರೀಮಂತ ದೇಶಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಕ್ಕಳು ಗುಣ ಹೊಂದಿದರೆ, ಅನೇಕ ಬಡ ದೇಶಗಳಲ್ಲಿ ಶೇಕಡಾ 30ನ್ನೂ ಮುಟ್ಟುವುದಿಲ್ಲ. ರೋಗ ಅದೇ, ಔಷಧಿಯೂ ಅದೇ. ಹುಟ್ಟಿದ ಊರು ಮಾತ್ರ ಬೇರೆ.

ಈ ಅಂತರವನ್ನು ಕಂಡು ಸೇಂಟ್ ಜೂಡ್ ಆಸ್ಪತ್ರೆ 1993ರಲ್ಲಿ ಮಧ್ಯ ಅಮೇರಿಕದ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶಕ್ಕೆ ಕೈ ಚಾಚಿತು. ಅಲ್ಲಿಯ ಅಂತರ್ಯುದ್ಧ ಮುಗಿದು ಆಗಿನ್ನೂ ಒಂದು ವರ್ಷ ಕಳೆದಿತ್ತು. ರಾಜಧಾನಿಯ ಬೆಂಜಮಿನ್ ಬ್ಲೂಮ್ ಮಕ್ಕಳ ಆಸ್ಪತ್ರೆಯನ್ನು ಜೊತೆಗಾರನನ್ನಾಗಿ ಮಾಡಿಕೊಂಡು, ಅಲ್ಲಿಯ ವೈದ್ಯರಿಗೂ ದಾದಿಯರಿಗೂ ತರಬೇತಿ ಕೊಡುವ ಕೆಲಸ ಮೊದಲಾಯಿತು. ಮಕ್ಕಳನ್ನು ವಿಮಾನದಲ್ಲಿ ಮೆಂಫಿಸ್‌ಗೆ ಕರೆತರುವುದು ಸುಲಭವಾಗಿದ್ದಿತು. ಪತ್ರಿಕೆಗಳಲ್ಲಿ ಭಾವಚಿತ್ರವೂ ಬರುತ್ತಿತ್ತು. ಹಾಗೆ ಮಾಡದೆ ಅವರು ಕಷ್ಟದ ದಾರಿಯನ್ನೇ ಹಿಡಿದರು. ಈ ವಿಭಾಗವನ್ನು ಬಹುಕಾಲ ನಡೆಸಿದ ಡಾಕ್ಟರ್ ರೌಲ್ ರಿಬೇರೊ ಅವರು ತಾವೇ ಬ್ರೆಜಿಲ್ ದೇಶದಿಂದ ಬಂದವರು ಎಂಬುದನ್ನು ಇಲ್ಲಿ ನೆನೆಯಬೇಕು. ಬಡ ದೇಶದ ಆಸ್ಪತ್ರೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಐದು ವರ್ಷ ತುಂಬುವ ಮುನ್ನವೇ ಮಡಿದ ಮಕ್ಕಳು ಸುಮಾರು 48 ಲಕ್ಷ. ಇವರಲ್ಲಿ ಬಹಳ ಮಂದಿಯನ್ನು ಕೊಂಡೊಯ್ದದ್ದು ಅವಧಿಗೆ ಮುಂಚಿನ ಹೆರಿಗೆ, ನ್ಯುಮೋನಿಯಾ, ಭೇದಿ, ಮಲೇರಿಯಾ. ಒಂದು ಚೀಟಿ ಉಪ್ಪು ಸಕ್ಕರೆಯ ಪುಡಿಯಿಂದ ಭೇದಿಯ ಮಗುವನ್ನು ಉಳಿಸಬಹುದು. ಹೀಗಿರುವಾಗ ಒಂದು ಮಗುವಿಗೆ ಎರಡೂವರೆ ವರ್ಷ ಬೆಲೆಬಾಳುವ ಔಷಧಿ ಕೊಡುವುದು ನ್ಯಾಯವೆ? ಆ ಹಣದಿಂದ ನೂರು ಮಕ್ಕಳನ್ನು ಉಳಿಸಬಹುದಲ್ಲವೆ?

ಈ ಪ್ರಶ್ನೆಯನ್ನು ಕೇಳಲು ಹಕ್ಕುಳ್ಳವನು ಮೊದಲಿಗೆ ಸರಕಾರದ ಬೊಕ್ಕಸವನ್ನು ಕಾಯುವವನು. ಅವನು ಎಣಿಸಲೇಬೇಕು, ಎಣಿಸದಿದ್ದರೆ ಅದೇ ಅನ್ಯಾಯ. ಲಸಿಕೆ, ಕುಡಿಯುವ ನೀರು, ಬಾಣಂತಿಯ ಆರೈಕೆ ಇವು ಮೊದಲು ಬರಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಲೆಕ್ಕದ ಈ ನ್ಯಾಯವನ್ನು ಬಡವರ ಮಕ್ಕಳಿಗೆ ಮಾತ್ರ ಅನ್ವಯಿಸುವುದು ಯಾತಕ್ಕೆ? ಮೆಂಫಿಸ್ ನಗರದ ಮಗುವಿಗೆ ರಕ್ತದ ಕ್ಯಾನ್ಸರ್ ಬಂದಾಗ ಈ ಹಣದಿಂದ ನೂರು ಮಂದಿಗೆ ಲಸಿಕೆ ಹಾಕಬಹುದಿತ್ತೆಂದು ಯಾರೂ ಅದರ ಹಾಸಿಗೆಯ ಬಳಿ ನಿಂತು ಗುಣಾಕಾರ ಮಾಡುವುದಿಲ್ಲ. ಎಲ್ ಸಾಲ್ವಡಾರಿನ ಮಗುವಿನ ಬಳಿ ಮಾತ್ರ ಮಾಡುತ್ತೇವೆ. ಇನ್ನೊಂದು ಮಾತೂ ಉಂಟು. ಬಡ ದೇಶಗಳಲ್ಲಿ ಈ ಮಕ್ಕಳಲ್ಲಿ ಹಲವರು ಸಾಯುವುದು ಕ್ಯಾನ್ಸರಿನಿಂದಲ್ಲ, ಚಿಕಿತ್ಸೆಯ ಕಾಲದಲ್ಲಿ ತಗಲುವ ಸೋಂಕಿನಿಂದ. ಆದುದರಿಂದ ದಾದಿಯರಿಗೆ ಕೈ ತೊಳೆಯುವ ಶಿಸ್ತು, ಜ್ವರ ಬಂದ ಮಗುವಿಗೆ ತಡಮಾಡದೆ ಔಷಧಿ, ಶುದ್ಧವಾದ ರಕ್ತದ ಸಂಗ್ರಹ ಇವುಗಳನ್ನು ಮೊದಲು ಏರ್ಪಡಿಸಬೇಕಾಗುತ್ತದೆ. ಒಮ್ಮೆ ಕಲಿತ ಕೈತೊಳೆಯುವ ಶಿಸ್ತು ಪಕ್ಕದ ಹಾಸಿಗೆಯ ನ್ಯುಮೋನಿಯಾದ ಮಗುವಿಗೂ ದೊರೆಯುತ್ತದಲ್ಲವೆ?

ಇನ್ನು ಮೊದಲ ಪ್ರಶ್ನೆಗೆ ಬರೋಣ. ತತ್ತ್ವಶಾಸ್ತ್ರವನ್ನು ಓದಿದವರಿಗೆ ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯದ ವಿದ್ವಾಂಸರ ಹೆಸರು ಪರಿಚಿತವಾಗಿರುತ್ತದೆ. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆಯಾಗಿ ನಮ್ಮ ದೇಶಕ್ಕೆ ಬಂದ ಕಾಲದಲ್ಲಿ ಬರೆದು, 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಒಂದು ದೃಷ್ಟಾಂತ ಕೊಟ್ಟರು. ದಾರಿಯಲ್ಲಿ ಹೋಗುವವನೊಬ್ಬ ಆಳವಿಲ್ಲದ ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಕಾಣುತ್ತಾನೆ. ಇಳಿದರೆ ಬಟ್ಟೆ ಕೆಸರಾಗುತ್ತದೆ, ಅಷ್ಟೆ. ಇಳಿಯಬೇಡವೆ? ಇಳಿಯಬೇಕೆಂದಾದರೆ, ಮಗು ಹತ್ತು ಗಜ ದೂರದಲ್ಲಿದ್ದರೇನು, ಹತ್ತು ಸಾವಿರ ಮೈಲಿ ದೂರದಲ್ಲಿದ್ದರೇನು? ಇದು ಅವರ ವಾದ. ಇದರ ಬಲವನ್ನು ನಾವು ಒಪ್ಪುತ್ತೇವೆ. ದೂರವೆಂಬುದು ಕಾಲಿಗೆ ಕಷ್ಟವೇ ಹೊರತು ಧರ್ಮಕ್ಕೆ ಅಡ್ಡಿಯಲ್ಲ. ಆದರೂ ಈ ದೃಷ್ಟಾಂತದಲ್ಲಿ ಒಂದು ಕೊರತೆ ನಮಗೆ ಕಾಣುತ್ತದೆ. ದಾರಿಹೋಕನಿಗೂ ಮಗುವಿಗೂ ಮುಂಚೆ ಯಾವ ಸಂಬಂಧವೂ ಇರಲಿಲ್ಲವೆಂದು ಅದು ಮೊದಲೇ ಇಟ್ಟುಕೊಂಡಿದೆ. ಹಾಗಾದ ಮೇಲೆ ಅವನು ಇಳಿದದ್ದು ಅವನ ದೊಡ್ಡತನವಾಗಿಯೇ ಉಳಿಯುತ್ತದೆ. ನಾವು ಹೇಳುತ್ತಿರುವ ರೋಗದಲ್ಲಿ ಆ ಸಂಬಂಧ ಇದ್ದಿತೆ, ಇರಲಿಲ್ಲವೆ? ಔಷಧಿಗಳ ಮೂಲವನ್ನು ಹುಡುಕಿದರೆ ಗೊತ್ತಾಗುತ್ತದೆ.

ನಿಮ್ಮ ಮನೆಯ ಅಂಗಳದಲ್ಲಿ, ಇಲ್ಲವೆ ಗುಡಿಯ ಪೌಳಿಯ ಬದಿಯಲ್ಲಿ ನಿತ್ಯಪುಷ್ಪದ ಗಿಡವನ್ನು ನೋಡಿದ್ದೀರಿ. ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ. ತೆಳು ನೇರಳೆಗೆಂಪು ಬಣ್ಣದ, ಐದು ಎಸಳಿನ ಹೂವು. ನೀರಿಲ್ಲದಿದ್ದರೂ ಸಾಯದ, ದನವೂ ಬಾಯಿ ಹಾಕದ ಗಿಡ. ಇದರ ತೌರು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. ಜಮೈಕ ದ್ವೀಪದ ಜನರು ಸಿಹಿಮೂತ್ರ ರೋಗಕ್ಕೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. ಆ ಎಲೆಗಳು 1950ರ ದಶಕದಲ್ಲಿ ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಅವರ ಕೈಸೇರಿದುವು. ರಕ್ತದ ಸಕ್ಕರೆ ಇಳಿಯುವುದೆಂದು ಪರೀಕ್ಷಿಸಿದರೆ ಸಕ್ಕರೆ ಇಳಿಯಲಿಲ್ಲ, ಬಿಳಿಯ ರಕ್ತಕಣಗಳು ಇಳಿದುವು! ಆ ಜಾಡನ್ನು ಹಿಡಿದು ನೋಬಲ್ ಮತ್ತು ಬೀರ್ ಎಂಬವರು ವಿನ್‌ಬ್ಲಾಸ್ಟಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಅಮೇರಿಕದ ಕಂಪನಿಯೊಂದು ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ತೆಗೆಯಿತು. 1963ರಲ್ಲಿ ಅದು ಬಳಕೆಗೆ ಬಂದಿತು. ಒಂದು ಗ್ರಾಂ ಔಷಧಿಗೆ ನೂರಾರು ಕಿಲೋ ಒಣಗಿದ ಎಲೆ ಬೇಕು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ವಿನ್‌ಕ್ರಿಸ್ಟಿನ್ ಇಲ್ಲದೆ ಚಿಕಿತ್ಸೆ ಮೊದಲಾಗುವುದೇ ಇಲ್ಲ. ಮಡಗಾಸ್ಕರಿನ ಗಿಡ, ಜಮೈಕದ ಅಜ್ಜಿಯರ ತಿಳಿವಳಿಕೆ.

ಇನ್ನೊಂದು ಔಷಧಿ ಮೆಥೊಟ್ರೆಕ್ಸೇಟ್. ಇದರ ಹಿಂದೆ ನಿಂತಿರುವವರು ನಮ್ಮ ನೆರೆಯ ಆಂಧ್ರದವರು. 1895ರಲ್ಲಿ ಭೀಮಾವರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಓದಿ, ಅಮೇರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಾದಷ್ಟು ಇಲ್ಲ. ಲೆಡರ್ಲೆ ಕಂಪನಿಯ ಪ್ರಯೋಗಶಾಲೆಯಲ್ಲಿ ಅವರೂ ಅವರ ಸಂಗಡಿಗರೂ ತಯಾರಿಸಿದ ಅಮಿನೊಪ್ಟೆರಿನ್ ಎಂಬ ವಸ್ತುವನ್ನು ಬಾಸ್ಟನ್ ಮಕ್ಕಳ ಆಸ್ಪತ್ರೆಯ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿನ ಹದಿನಾರು ಮಕ್ಕಳಿಗೆ ಕೊಟ್ಟು ನೋಡಿದರು. 1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಹತ್ತು ಮಕ್ಕಳಲ್ಲಿ ರೋಗ ಕೆಲವು ತಿಂಗಳ ಮಟ್ಟಿಗೆ ಹಿಂದೆ ಸರಿದಿತ್ತು. ಈ ರೋಗ ಔಷಧಿಗೆ ಮಣಿಯಬಲ್ಲುದೆಂದು ಲೋಕಕ್ಕೆ ತಿಳಿದದ್ದು ಆಗಲೇ. ಸುಬ್ಬರಾವ್ ಅವರು ಆ ವರ್ಷವೇ ತೀರಿಕೊಂಡರು. ಅವರ ಪ್ರಯೋಗಶಾಲೆಯಿಂದಲೇ ಬಂದ ಮೆಥೊಟ್ರೆಕ್ಸೇಟ್ ಪಿಂಕೆಲ್ ಅವರ ಚಿಕಿತ್ಸಾಕ್ರಮದ ಒಂದು ಆಧಾರಸ್ತಂಭವಾಯಿತು.

ಸದ್ಭಕ್ತರೇ, ಈಗ ವಿಚಾರಮಾಡಿ. ಮೆಂಫಿಸ್ ನಗರದಲ್ಲಿ ಮಗುವೊಂದು ಗುಣವಾಗಿ ಮನೆಗೆ ನಡೆದಾಗ ಅದರ ರಕ್ತದಲ್ಲಿ ಮಡಗಾಸ್ಕರೂ ಇದೆ, ಭೀಮಾವರವೂ ಇದೆ. ಫಾರ್ಬರ್, ಪಿಂಕೆಲ್ ಅವರ ತಪಸ್ಸನ್ನು ನಾವು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ತಪಸ್ಸಿಗೆ ಸಾಮಗ್ರಿಯನ್ನು ಒದಗಿಸಿದವರ ಮಕ್ಕಳು ಅದರ ಫಲವನ್ನು ಕೇಳಿದಾಗ ಅದಕ್ಕೆ ಭಿಕ್ಷೆಯೆಂದು ಹೆಸರಿಡುವುದು ಸರಿಯಾಗಲಾರದು.

ಮನುಷ್ಯನು ಋಣಿಯಾಗಿಯೇ ಹುಟ್ಟುತ್ತಾನೆಂಬುದು ನಮ್ಮ ಪ್ರಾಚೀನರ ಮತ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರನ್ನು ತೈತ್ತಿರೀಯ ಸಂಹಿತೆ ಎಣಿಸುತ್ತದೆ. ಶತಪಥ ಬ್ರಾಹ್ಮಣವು ನಾಲ್ಕನೆಯದಾಗಿ ಮನುಷ್ಯಋಣವನ್ನು ಸೇರಿಸಿ, ಅನ್ನ ಕೊಡುವುದರಿಂದಲೂ ಇರಲು ಎಡೆ ಕೊಡುವುದರಿಂದಲೂ ಅದು ತೀರುತ್ತದೆ ಎಂದಿದೆ. ಯಜ್ಞದ ದಾರಿಯನ್ನು ಶರಣರು ಒಪ್ಪಲಿಲ್ಲವೆಂಬುದು ನಿಜ. ಆದರೆ ಕೊಡುವವನ ಅಹಂಕಾರವನ್ನು ಬಿಡಿಸುವ ಸಲುವಾಗಿ ದಾನದ ಜಾಗದಲ್ಲಿ ದಾಸೋಹವನ್ನು ತಂದವರಿಗೆ ಈ ನಾಲ್ಕನೆಯ ಋಣದ ಮಾತು ಪರಕೀಯವೆನಿಸಿರಲಾರದು. ಋಷಿಋಣವನ್ನು ತೀರಿಸುವ ರೀತಿಯನ್ನೂ ಗಮನಿಸಬೇಕು. ಋಷಿಗೆ ಹಣ ಕೊಟ್ಟು ಅದು ತೀರದು. ಕಲಿತು, ಇನ್ನೊಬ್ಬರಿಗೆ ಕಲಿಸಬೇಕು. ಸುಬ್ಬರಾವ್ ಅವರ ಋಣವನ್ನು ಸುಬ್ಬರಾವ್ ಅವರಿಗೆ ತೀರಿಸಲು ಯಾರಿಂದ ಸಾಧ್ಯ? ಸಾನ್ ಸಾಲ್ವಡಾರಿನ ದಾದಿಯೊಬ್ಬಳಿಗೆ ವಿನ್‌ಕ್ರಿಸ್ಟಿನ್ನನ್ನು ರಕ್ತನಾಳಕ್ಕೆ ಮಾತ್ರ ಹೇಗೆ ಕೊಡಬೇಕೆಂದು, ಬೆನ್ನುಹುರಿಯ ನೀರಿಗೆ ಅದು ಸೋಕಿದರೆ ಪ್ರಾಣಾಂತಿಕವೆಂದು ಕಲಿಸಿದಾಗ ಅದರ ಒಂದಂಶ ತೀರುತ್ತದೆ.

ಮನುಷ್ಯಋಣದ ವಿಷಯ ಇನ್ನೂ ಸ್ವಾರಸ್ಯವಾದುದು. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ರೆಸೀಫೆ ಎಂಬ ನಗರವಿದೆ. ಬಡತನಕ್ಕೆ ಹೆಸರಾದ ಸೀಮೆ. ಅಲ್ಲಿ 1980ರ ದಶಕದಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ರೋಗ ಮರುಕಳಿಸದೆ ಐದು ವರ್ಷ ಕಳೆದವರು ಶೇಕಡಾ 32 ಮಾತ್ರ. ಶೇಕಡಾ 16 ಮಕ್ಕಳನ್ನು ತಾಯಿತಂದೆಗಳು ಚಿಕಿತ್ಸೆಯ ನಡುವೆಯೇ ಬಿಡಿಸಿಕೊಂಡು ಹೋಗಿದ್ದರು. ಡಾಕ್ಟರ್ ಫ್ರಾನ್ಸಿಸ್ಕೊ ಪೆಡ್ರೋಸಾ ಅವರ ತಂಡವೂ ಸೇಂಟ್ ಜೂಡ್ ಆಸ್ಪತ್ರೆಯೂ ಕೂಡಿ, ಚಿಕಿತ್ಸಾಕ್ರಮವನ್ನು ತಿದ್ದಿದ್ದಲ್ಲದೆ, ದೂರದ ಹಳ್ಳಿಗಳಿಂದ ಬಂದವರಿಗೆ ತಂಗುವ ಮನೆ, ಊಟ, ಬಸ್ಸಿನ ಖರ್ಚು ಇವುಗಳನ್ನೂ ಏರ್ಪಡಿಸಿದರು. ತಪ್ಪಿಸಿಕೊಂಡ ಮಗುವನ್ನು ಹುಡುಕಿಕೊಂಡು ಹೋಗುವ ವ್ಯವಸ್ಥೆಯಾಯಿತು. 2004ರಲ್ಲಿ ಪ್ರಕಟವಾದ ವರದಿಯಂತೆ, 1997ರಿಂದ 2002ರವರೆಗಿನ ಅವಧಿಯಲ್ಲಿ ನಡುವೆ ಬಿಟ್ಟುಹೋದವರು ಶೇಕಡಾ ಅರ್ಧಕ್ಕೆ ಇಳಿದರು. ರೋಗವಿಲ್ಲದೆ ಉಳಿದವರು ಶೇಕಡಾ 63ಕ್ಕೆ ಏರಿದರು. ಅನ್ನವನ್ನೂ ಎಡೆಯನ್ನೂ ಔಷಧಿಯ ಪಟ್ಟಿಯಲ್ಲಿಯೇ ಬರೆಯಬೇಕೆಂದು ಈ ಅಂಕಿಗಳು ಹೇಳುತ್ತವೆ.

ನಡುವೆ ಬಿಟ್ಟುಹೋಗುವವರನ್ನು ಅಜ್ಞಾನಿಗಳೆಂದು ಬೈಯುವುದು ಓದಿದವರ ಅಭ್ಯಾಸ. ಕೆಲವು ವರ್ಷಗಳ ಹಿಂದೆ ರಾಗಿ ಬೆಳೆಯುವ ಸಣ್ಣ ರೈತನೊಬ್ಬ ಮಠಕ್ಕೆ ಬಂದಿದ್ದನು. ಅವನ ಆರು ವರ್ಷದ ಮಗನಿಗೆ ಇದೇ ರೋಗ. ನಗರದ ಆಸ್ಪತ್ರೆಯಲ್ಲಿ ಒಂದು ತಿಂಗಳ ಚಿಕಿತ್ಸೆ ಮುಗಿದಿತ್ತು. "ಬುದ್ಧೀ, ಮಗ ಚೆನ್ನಾಗವ್ನೆ, ಆಟ ಆಡ್ತಾವ್ನೆ. ಇನ್ನೂ ಎರಡು ವರ್ಷ ಬರ್ಬೇಕು ಅಂತಾರೆ. ಯಾಕ್ ಬುದ್ಧೀ?" ಎಂದು ಕೇಳಿದನು. ಅವನ ಪ್ರಶ್ನೆ ಮೂಢನ ಪ್ರಶ್ನೆಯಾಗಿರಲಿಲ್ಲ. ಮೊದಲ ತಿಂಗಳಲ್ಲಿಯೇ ರೋಗ ಕಣ್ಣಿಗೆ ಮರೆಯಾಗುತ್ತದೆ, ಮಗು ಓಡಾಡುತ್ತದೆ, ಸೂಕ್ಷ್ಮದರ್ಶಕಕ್ಕೂ ಕಾಣದ ಕಣಗಳು ಒಳಗೆ ಕಾದಿರುತ್ತವೆ. ಕಣ್ಣಿಗೆ ಕಾಣುವ ಮಗುವನ್ನು ನಂಬಬೇಡ, ಕಾಣದ ಕಣವನ್ನು ನಂಬು ಎಂದು ತಂದೆಗೆ ಹೇಳುವುದು ಎಷ್ಟು ಕಷ್ಟ! ಮನೆಯಲ್ಲಿ ಮೊಲೆಯುಣ್ಣುವ ಇನ್ನೊಂದು ಕೂಸು, ಕಣಕ್ಕೆ ಬಂದ ರಾಗಿ, ಮೇವು ಹಾಕುವವರಿಲ್ಲದ ಎತ್ತು. ಔಷಧಿಗೆ ಸರಕಾರದ ಯೋಜನೆಯಿಂದ ಹಣ ದೊರೆಯುತ್ತಿತ್ತು. ಅವನನ್ನು ತಡೆದದ್ದು ರಾತ್ರಿ ಎಲ್ಲಿ ಮಲಗುವುದೆಂಬ ಚಿಂತೆ. ನಮ್ಮ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ನಗರದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದರು. ಅದರಲ್ಲಿ ಒಂದನ್ನು ಬಿಟ್ಟುಕೊಟ್ಟರು. ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಬಾಡಿಗೆ ಕೊಡುತ್ತೇವೆಂದರೆ ಆ ಗೃಹಸ್ಥರು, "ನಿಲಯದಲ್ಲಿ ಐದು ವರ್ಷ ಮಲಗಿದವನು ನಾನು" ಎಂದಷ್ಟೇ ಹೇಳಿದರು.

ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ದೋಷವೇ ಇಲ್ಲವೆಂದು ನಾವು ಹೇಳುವುದಿಲ್ಲ. ಮಕ್ಕಳ ಹೆಸರಿನಲ್ಲಿ ಎತ್ತಿದ ಹಣದಲ್ಲಿ ಶತಕೋಟಿಗಟ್ಟಲೆ ಡಾಲರುಗಳನ್ನು ಅದು ಕೂಡಿಟ್ಟಿದೆಯೆಂಬ ಟೀಕೆ 2021ರಲ್ಲಿ ಅಲ್ಲಿಯ ಪತ್ರಿಕೆಯಲ್ಲಿ ಬಂದಿತು. ಮುಂದಿನ ದಿನಗಳಿಗಾಗಿ ಎಂಬ ಉತ್ತರವನ್ನು ಅವರು ಕೊಟ್ಟರು. ಜೋಳಿಗೆ ಹಿಡಿಯುವ ಯಾವ ಸಂಸ್ಥೆಯೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು. ಮಠಗಳೂ ಇದಕ್ಕೆ ಹೊರತಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಆಸ್ಪತ್ರೆ ವಿಶ್ವ ಆರೋಗ್ಯ ಸಂಸ್ಥೆಯೊಡಗೂಡಿ, 20 ಕೋಟಿ ಡಾಲರ್ ವೆಚ್ಚದಲ್ಲಿ ಬಡ ದೇಶಗಳ ಮಕ್ಕಳಿಗೆ ಕ್ಯಾನ್ಸರ್ ಔಷಧಿಗಳನ್ನು ಬೆಲೆಯಿಲ್ಲದೆ ಒದಗಿಸುವ ಯೋಜನೆಯನ್ನು ಸಾರಿತು. 2025ರ ಫೆಬ್ರವರಿಯಲ್ಲಿ ಮೊದಲ ಔಷಧಿಗಳು ಮಂಗೋಲಿಯ, ಉಜ್ಬೇಕಿಸ್ತಾನ್ ದೇಶಗಳಿಗೆ ತಲುಪಿದ ಸುದ್ದಿ ಬಂದಿತು. ನೇಪಾಳ, ಜೋರ್ಡಾನ್, ಈಕ್ವಡಾರ್, ಜಾಂಬಿಯ ಅನಂತರದ ಸರದಿಯಲ್ಲಿದ್ದುವು.

ಔಷಧಿಯನ್ನು ಕೊಂಡುಕೊಡುವ ಹೊಣೆಯನ್ನು ಹೀಗೆ ಒಂದೆಡೆ ಹೊತ್ತುಕೊಳ್ಳಬೇಕಾಗಿ ಬಂದದ್ದಕ್ಕೆ ಬೆಲೆಯೊಂದೇ ಕಾರಣವಲ್ಲ, ಗುಣವೂ ಕಾರಣ. ಈ ಮಾತನ್ನು ನಮ್ಮ ಓದುಗರಿಗೆ ವಿಶೇಷವಾಗಿ ಹೇಳಬೇಕಾಗಿದೆ; ಸುಬ್ಬರಾವ್ ಅವರ ಹೆಸರನ್ನು ಹೇಳಿ ಎದೆಯುಬ್ಬಿಸುವುದು ಸುಲಭವಾದುದರಿಂದ. ಆಸ್ಪರಾಜಿನೇಸ್ ಎಂಬುದು ಈ ರೋಗಕ್ಕೆ ಅತ್ಯವಶ್ಯವಾದ ಮತ್ತೊಂದು ಔಷಧಿ. ಅದರ ಹಲವು ಅಗ್ಗದ ಬ್ರಾಂಡುಗಳು ಗುಣಮಟ್ಟವನ್ನು ಮುಟ್ಟಿರಲಿಲ್ಲವೆಂದೂ, ಅವು ತೊಂಬತ್ತಕ್ಕೂ ಹೆಚ್ಚು ದೇಶಗಳಿಗೆ ಹೋಗಿದ್ದುವೆಂದೂ 2023ರ ಜನವರಿಯಲ್ಲಿ ಪತ್ರಕರ್ತರ ತನಿಖೆಯೊಂದು ಬಯಲಿಗೆಳೆಯಿತು. ಅವುಗಳಲ್ಲಿ ಕೆಲವು ತಯಾರಾದದ್ದು ನಮ್ಮ ದೇಶದಲ್ಲಿ. ಮಡಗಾಸ್ಕರಿನ ಸಾಲಿನಲ್ಲಿ ನಿಂತು ನಾವು ಋಣ ಕೇಳುವವರೆಂದು ಭಾವಿಸಿಕೊಂಡಿದ್ದೆವು. ಜಾಂಬಿಯದ ಮಗುವಿನ ಮುಂದೆ ನಾವೂ ಋಣಿಗಳೇ. ಅದು ಕೊಟ್ಟ ಬೆಲೆಗೆ ತಕ್ಕ ಔಷಧಿಯನ್ನು ಕೊಡಬೇಕಾದವರು.

ನಮ್ಮ ನಿಲಯಗಳಲ್ಲಿ ಓದಿದವರಲ್ಲಿ ಔಷಧ ತಯಾರಿಕೆಯ ಕಾರ್ಖಾನೆಗಳಲ್ಲಿ ರಸಾಯನಶಾಸ್ತ್ರಜ್ಞರಾಗಿ, ಪರೀಕ್ಷಕರಾಗಿ ಸೇರಿದವರು ಹಲವರಿದ್ದಾರೆ. ಒಂದು ತಂಡದ ಔಷಧಿ ಪರೀಕ್ಷೆಯಲ್ಲಿ ಕೆಳಗೆ ಬಿದ್ದಾಗ ಮೇಲಿನವರು ಸಹಿ ಹಾಕೆನ್ನುವುದುಂಟೆಂದು ಅವರಲ್ಲಿ ಒಬ್ಬಿಬ್ಬರು ನಮ್ಮೊಡನೆ ಹೇಳಿಕೊಂಡಿದ್ದಾರೆ. ಸಹಿ ಹಾಕದಿದ್ದರೆ ಕೆಲಸ ಹೋಗುವ ಭಯ. ಮನೆಯಲ್ಲಿ ಅವರಿಗೂ ಮಕ್ಕಳಿದ್ದಾರೆ. ಅವರ ಸಂಕಟವನ್ನು ನಾವು ಬಲ್ಲೆವು. ಆದರೂ ಆ ಸಹಿ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಅವರಿಗೆ ತಿಳಿಸದಿರಲಾರೆವು. ಸಮುದ್ರದಾಚೆಯ ಬಡ ಊರೊಂದರ ಆಸ್ಪತ್ರೆಯಲ್ಲಿ ದಾದಿಯೊಬ್ಬಳು ಆ ಸೀಸೆಯನ್ನು ಒಡೆಯುತ್ತಾಳೆ. ಅವಳ ಬಳಿ ಪ್ರಯೋಗಶಾಲೆಯಿಲ್ಲ. ಸೀಸೆಯ ಮೇಲೆ ಅಂಟಿಸಿದ ಚೀಟಿಯನ್ನು ಓದಿ, ಪ್ರಮಾಣವನ್ನು ಎರಡು ಸಲ ಲೆಕ್ಕ ಹಾಕಿ, ಮಗುವಿನ ತೊಡೆಗೆ ಸೂಜಿ ಚುಚ್ಚುತ್ತಾಳೆ.